ಒನೆಹುಂಗಾದ ಮೇಯರಮ್ಮ: ಎಲಿಜಬೆತ್ ಯೇಟ್ಸ್

ಆಕ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಒನೆಹುಂಗಾ ಹೊಸ ಊರೇನಲ್ಲ. ಡ್ರೆಸ್‌ಸ್ಮಾರ್ಟ್‌ನಲ್ಲಿ ರಿಯಾಯಿತಿ ದರದ ಬಟ್ಟೆ ಕೊಳ್ಳಲು, ಸಂಜೆ ಮನುಕೌ ಬಂದರಿನ ದಂಡೆಯಲ್ಲಿ ಮಕ್ಕಳನ್ನು ಆಡಿಸಲು, ಇಲ್ಲವೇ ವಿಮಾನ ನಿಲ್ದಾಣಕ್ಕೆ ಬಂಧುಗಳನ್ನು ಬಿಡಲು ಹೋಗುವಾಗ ಈ ಊರನ್ನು ದಾಟಿಯೇ ಇರುತ್ತೇವೆ. ಆದರೆ ಇಡೀ ಬ್ರಿಟಿಷ್ ಸಾಮ್ರಾಜ್ಯದ ಮೊಟ್ಟಮೊದಲ ಮಹಿಳಾ ಮೇಯರ್ ಆಡಳಿತ ನಡೆಸಿದ ಊರು ಇದೇ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಲಂಡನ್ ಅಲ್ಲ, ಕಲ್ಕತ್ತೆ ಅಲ್ಲ, ಸಿಡ್ನಿಯೂ ಅಲ್ಲ. ಆ ಗೌರವ ಈ ಪುಟ್ಟ ಬಂದರು ಊರಿಗೆ ಸಂದದ್ದು 1893ರಲ್ಲಿ. ಅದನ್ನು ತಂದುಕೊಟ್ಟವರು ಶ್ರೀಮತಿ ಎಲಿಜಬೆತ್ ಯೇಟ್ಸ್.

ಅವರ ಅಧಿಕಾರದ ಅವಧಿ ಒಂದು ವರ್ಷವೂ ತುಂಬಲಿಲ್ಲ. ಆ ಅಲ್ಪ ಕಾಲದಲ್ಲಿ ಅವರು ಕಂಡ ವಿರೋಧ ಎಷ್ಟು, ಮಾಡಿದ ಕೆಲಸ ಎಷ್ಟು ಎಂಬುದನ್ನು ತಿಳಿದರೆ ಇಂದಿನ ನಮ್ಮ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಒಂದು ಪಾಠ ದೊರೆಯುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಅವರ ಬದುಕಿನ ಪರಿಚಯ ಮಾಡಿಕೊಡುವ ಪ್ರಯತ್ನ ಮಾಡಿದ್ದೇನೆ.

ಎಲಿಜಬೆತ್ ಹುಟ್ಟಿದ್ದು 1840ರ ದಶಕದಲ್ಲಿ, ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿರುವ ಕೇತ್ನೆಸ್ ಪ್ರಾಂತ್ಯದಲ್ಲಿ. ತವರಿನ ಹೆಸರು ಎಲಿಜಬೆತ್ ಓಮನ್. ತಂದೆ ಜಾರ್ಜ್ ಓಮನ್ ಕೂಲಿ ಕೆಲಸ ಮಾಡಿ ಜೀವಿಸುತ್ತಿದ್ದವರು. ಬಡತನದಿಂದ ಪಾರಾಗಲು ಆ ಕಾಲದ ಎಷ್ಟೋ ಸ್ಕಾಟ್ ಕುಟುಂಬಗಳು ತಿಂಗಳುಗಟ್ಟಲೆ ಹಡಗಿನಲ್ಲಿ ಪಯಣಿಸಿ ದೂರದ ನಾಡುಗಳಿಗೆ ಹೋಗುತ್ತಿದ್ದವು. ಓಮನ್ ಕುಟುಂಬವೂ ಹಾಗೆಯೇ ಹೊರಟು 1853ರಲ್ಲಿ ಆಕ್ಲೆಂಡಿಗೆ ಬಂದಿಳಿಯಿತು. ಅಪ್ಪ, ಅಮ್ಮ ಮತ್ತು ಒಬ್ಬ ಸಹೋದರಿಯ ಜೊತೆ ಬಂದ ಪುಟ್ಟ ಎಲಿಜಬೆತ್ 1855ರಿಂದ ಒನೆಹುಂಗಾದಲ್ಲೇ ಬೆಳೆದರು. ವಿಮಾನವೇರಿ ಒಂದೇ ದಿನದಲ್ಲಿ ಬೆಂಗಳೂರಿನಿಂದ ಇಲ್ಲಿಗೆ ಬರುವ ನಮಗೆ ಆ ಪ್ರಯಾಣದ ಕಷ್ಟ ಊಹಿಸುವುದೂ ಕಠಿಣ. ಆದರೂ ಹುಟ್ಟಿದ ಊರು ಬಿಟ್ಟು ಪರದೇಶದಲ್ಲಿ ಬೇರೂರಿದವರ ಮನಸ್ಸು ಹೇಗಿರುತ್ತದೆ ಎಂಬುದು ನಮಗೂ ತಿಳಿದದ್ದೇ.

ಆಗಿನ ಒನೆಹುಂಗಾ ಹೇಗಿತ್ತು? ಮಾವೋರಿ ಜನ ತಲೆಮಾರುಗಳಿಂದ ಬಾಳಿದ ನೆಲ ಅದು. ಊರಿನ ಹೆಸರೂ ಮಾವೋರಿ ಭಾಷೆಯದೇ. 1847ರಲ್ಲಿ ಬ್ರಿಟಿಷ್ ಸರ್ಕಾರ ನಿವೃತ್ತ ಸೈನಿಕರಿಗೆ ಮನೆ, ಜಮೀನು ಕೊಟ್ಟು ಆಕ್ಲೆಂಡಿನ ದಕ್ಷಿಣಕ್ಕೆ ಕೆಲವು ವಸತಿಗಳನ್ನು ಕಟ್ಟಿಸಿತು. ಒನೆಹುಂಗಾ, ಹೋವಿಕ್, ಪ್ಯಾನ್‌ಮ್ಯೂರ್, ಒಟಾಹುಹು ಎಂಬ ನಾಲ್ಕು ವಸತಿಗಳವು. 1873ರ ಡಿಸೆಂಬರಿನಲ್ಲಿ ಆಕ್ಲೆಂಡಿನಿಂದ ಒನೆಹುಂಗಾಕ್ಕೆ ರೈಲು ಬಂತು. ಉತ್ತರ ದ್ವೀಪದ ಉದ್ದಕ್ಕೂ ರೈಲು ಹಳಿ ಬೀಳುವುದಕ್ಕೆ 1908ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಆಕ್ಲೆಂಡಿನಿಂದ ವೆಲಿಂಗ್ಟನ್ನಿಗೆ ಹೋಗುವ ಎಷ್ಟೋ ಪ್ರಯಾಣಿಕರು ಒನೆಹುಂಗಾದವರೆಗೆ ರೈಲಿನಲ್ಲಿ ಬಂದು, ಇಲ್ಲಿಂದ ಹಡಗು ಹತ್ತುತ್ತಿದ್ದರು. ಹೀಗಾಗಿ ಊರಿನ ತುಂಬ ಹಡಗಿನವರು, ವ್ಯಾಪಾರಿಗಳು, ಕೂಲಿಗಳು. 1877ರಲ್ಲಿ ಊರಿಗೆ ಪುರಸಭೆಯ ಸ್ಥಾನ ದೊರೆಯಿತು.

ಇಂಥ ಊರಿನಲ್ಲಿ 1875ರ ಡಿಸೆಂಬರ್ 15ರಂದು, ಸೇಂಟ್ ಪೀಟರ್ಸ್ ಚರ್ಚಿನಲ್ಲಿ, ಎಲಿಜಬೆತ್ ಅವರ ಮದುವೆ ಹಡಗಿನ ಕ್ಯಾಪ್ಟನ್ ಮೈಕೆಲ್ ಯೇಟ್ಸ್ ಅವರೊಂದಿಗೆ ನಡೆಯಿತು. ಕ್ಯಾಪ್ಟನ್ ಯೇಟ್ಸ್ ಊರಿನ ವ್ಯವಹಾರಗಳಲ್ಲಿ ಆಸಕ್ತಿಯಿದ್ದ ಮನುಷ್ಯ. 1885ರಲ್ಲಿ ಪುರಸಭೆಯ ಸದಸ್ಯರಾದರು. 1888ರಿಂದ 1892ರವರೆಗೆ ಮೇಯರ್ ಆಗಿದ್ದರು. ಆರೋಗ್ಯ ಕೆಟ್ಟಾಗ ಅಧಿಕಾರದಿಂದ ಹಿಂದೆ ಸರಿದರು. ಗಂಡ ಮೇಯರ್ ಆಗಿದ್ದ ವರ್ಷಗಳಲ್ಲಿ ಪುರಸಭೆಯ ಸಾಲ, ರಸ್ತೆ, ಚರಂಡಿಗಳ ವಿಷಯ ಆ ಮನೆಯಲ್ಲಿ ದಿನವೂ ಕೇಳಿಬರುತ್ತಿತ್ತೆಂದು ಊಹಿಸಬಹುದು. ಆದರೆ ಎಲಿಜಬೆತ್ ಅವರ ರಾಜಕೀಯ ಆಸಕ್ತಿ ಮನೆಯೊಳಗಿನ ಮಾತಿಗೆ ಸೀಮಿತವಾಗಿರಲಿಲ್ಲ. ಆಕ್ಲೆಂಡ್ ಯೂನಿಯನ್ ಪಾರ್ಲಿಮೆಂಟ್ ಎಂಬ ಚರ್ಚಾಕೂಟ ಆಗ ನಡೆಯುತ್ತಿತ್ತು. ನಿಜವಾದ ಶಾಸನಸಭೆಯ ಹಾಗೆಯೇ ವಿಷಯ ಮಂಡಿಸಿ, ವಾದಿಸಿ, ಮತಕ್ಕೆ ಹಾಕುವ ಅಣಕು ಸಂಸತ್ತು ಅದು. ನಮ್ಮ ಶಾಲೆಗಳಲ್ಲಿ ಮಕ್ಕಳು ನಡೆಸುವ ಯುವ ಸಂಸತ್ತನ್ನು ಇದಕ್ಕೆ ಹೋಲಿಸಬಹುದು. ಅದರ ಚರ್ಚೆಗಳಲ್ಲಿ ಎಲಿಜಬೆತ್ ಭಾಗವಹಿಸುತ್ತಿದ್ದರು. ನಿಜವಾದ ಸಂಸತ್ತಿನ ಬಾಗಿಲು ಹೆಣ್ಣಿಗೆ ಮುಚ್ಚಿದ್ದ ಕಾಲದಲ್ಲಿ ಶಾಸಕಿಯ ತಾಲೀಮು ಮಾಡಲು ಸಿಕ್ಕ ಜಾಗ ಅದೊಂದೇ ಎಂದರೆ ತಪ್ಪಾಗಲಾರದು.

ಇಲ್ಲಿ ಆ ಕಾಲದ ಮಹಿಳಾ ಮತದಾನ ಚಳವಳಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಕ್ರೈಸ್ಟ್‌ಚರ್ಚ್‌ನ ಕೇಟ್ ಶೆಪರ್ಡ್ ಅವರ ಮುಂದಾಳತ್ವದಲ್ಲಿ ದೇಶದ ಮಹಿಳೆಯರು ಮನೆಮನೆಗೆ ತಿರುಗಿ ಸಹಿ ಸಂಗ್ರಹಿಸಿದರು. (ನಮ್ಮ ಪರ್ಸಿನಲ್ಲಿರುವ 10 ಡಾಲರ್ ನೋಟಿನ ಮೇಲೆ ಇರುವುದು ಇವರದೇ ಚಿತ್ರ.) 1893ರಲ್ಲಿ ಸಂಗ್ರಹವಾದ ಸಹಿಗಳ ಸಂಖ್ಯೆ ಸುಮಾರು 32,000. ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಸುತ್ತಿದ ಆ ಮನವಿಯ ಉದ್ದ 270 ಮೀಟರ್! ಸಂಸತ್ತಿನಲ್ಲಿ ಸರ್ ಜಾನ್ ಹಾಲ್ ಅದನ್ನು ಸಭೆಯ ನಡುವೆ ಬಿಚ್ಚಿ ಉರುಳಿಸಿದರು. ಅದೇ ವರ್ಷ ಮೆರಿ ಟೆ ತೈ ಮಂಗಕಾಹಿಯಾ ಎಂಬ ಮಾವೋರಿ ಮಹಿಳೆ ಮಾವೋರಿಗಳ ಕೊತಾಹಿತಂಗಾ ಸಂಸತ್ತಿನ ಮುಂದೆ ನಿಂತು, ಹೆಣ್ಣಿಗೆ ಮತ ಹಾಕುವ ಹಕ್ಕಷ್ಟೇ ಅಲ್ಲ, ಸದಸ್ಯಳಾಗುವ ಹಕ್ಕೂ ಬೇಕೆಂದು ವಾದಿಸಿದರು.

ಪ್ರಧಾನಿಯಾಗಿದ್ದ ರಿಚರ್ಡ್ ಸೆಡನ್ ಅವರಿಗೆ ಈ ಮಸೂದೆ ಇಷ್ಟವಿರಲಿಲ್ಲ. ಅದನ್ನು ಸೋಲಿಸಲು ತೆರೆಮರೆಯಲ್ಲಿ ಅವರು ನಡೆಸಿದ ಪ್ರಯತ್ನದಿಂದ ಸಿಟ್ಟಾದ ಇಬ್ಬರು ವಿರೋಧಿ ಸದಸ್ಯರು ತಮ್ಮ ನಿಲುವು ಬದಲಿಸಿ ಪರವಾಗಿ ಮತ ಹಾಕಿದರು. ಮೇಲ್ಮನೆಯಲ್ಲಿ 20 ಮತ ಪರ, 18 ಮತ ವಿರೋಧ. 1893ರ ಸೆಪ್ಟೆಂಬರ್ 19ರಂದು ಗವರ್ನರ್ ಲಾರ್ಡ್ ಗ್ಲಾಸ್ಗೋ ಅಂಕಿತ ಹಾಕಿದರು. ಸ್ವಯಮಾಡಳಿತವುಳ್ಳ ದೇಶಗಳಲ್ಲಿ ಮಹಿಳೆಯರೆಲ್ಲರಿಗೂ ಸಂಸತ್ ಚುನಾವಣೆಯಲ್ಲಿ ಮತ ಕೊಟ್ಟ ಮೊದಲ ದೇಶ ನ್ಯೂಜಿಲೆಂಡ್ ಆಯಿತು.

ಸಾರ್ವತ್ರಿಕ ಚುನಾವಣೆ ನಡೆದದ್ದು ನವೆಂಬರ್ 28ರಂದು. ಕಾನೂನು ಬಂದು ಹತ್ತೇ ವಾರಗಳಾಗಿದ್ದರೂ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರು ಹೆಸರು ನೋಂದಾಯಿಸಿದ್ದರು. ಅವರಲ್ಲಿ 90,000ಕ್ಕೂ ಮಿಕ್ಕಿ ಮಹಿಳೆಯರು ಅಂದು ಮತ ಹಾಕಿದರು. ಶ್ರೀಮತಿ ಯೇಟ್ಸ್ ಈ ಚಳವಳಿಯ ದೃಢ ಬೆಂಬಲಿಗರಾಗಿದ್ದರು. ಮತಗಟ್ಟೆಗೆ ಹೋಗಿ ಮೊದಲಿಗರಾಗಿ ಮತ ಹಾಕಿದ ಮಹಿಳೆಯರಲ್ಲಿ ಅವರ ಹೆಸರೂ ಕೇಳಿಬರುತ್ತದೆ.

ಮರುದಿನ, ಅಂದರೆ 1893ರ ನವೆಂಬರ್ 29ರಂದು, ಒನೆಹುಂಗಾ ಪುರಸಭೆಯ ಮೇಯರ್ ಚುನಾವಣೆ. ಶ್ರೀಮತಿ ಯೇಟ್ಸ್ ಅದಕ್ಕೆ ಉಮೇದುವಾರರಾಗಿ ನಿಂತಿದ್ದರು. ಎದುರಾಳಿ ಒಬ್ಬರೇ. ಎಫ್. ಡಬ್ಲ್ಯು. ಕೋರ್ಟ್ ಎಂಬ ಜವಳಿ ವ್ಯಾಪಾರಿ. ಎಣಿಕೆ ಮುಗಿದಾಗ ಶ್ರೀಮತಿ ಯೇಟ್ಸ್ 13 ಮತಗಳಿಂದ ಗೆದ್ದಿದ್ದರು.

ಈ 13 ಮತಗಳ ಗೆಲುವನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಹಿಂದಿನ ದಿನ ಹೆಂಗಸರು ಮತ ಹಾಕಿದ್ದು ಸಂಸತ್ತಿಗೆ, ಪ್ರಜೆಗಳಾಗಿ. ಮೇಯರ್ ಚುನಾವಣೆಯ ಪಟ್ಟಿಯೇ ಬೇರೆ. ಅದರಲ್ಲಿ ಇದ್ದವರು ಪುರಸಭೆಗೆ ಆಸ್ತಿ ತೆರಿಗೆ ಕಟ್ಟುವವರು. ತೆರಿಗೆ ಕಟ್ಟುವ ಹೆಂಗಸರಿಗೆ 1870ರ ದಶಕದಿಂದಲೇ ಪುರಸಭೆ ಚುನಾವಣೆಯಲ್ಲಿ ಮತವಿತ್ತು ನಿಜ, ಆದರೆ ಆಸ್ತಿ ಗಂಡಸರ ಹೆಸರಿನಲ್ಲಿರುವುದೇ ಹೆಚ್ಚಾಗಿದ್ದ ಕಾಲ ಅದು. ಅಂದಮೇಲೆ ಊರಿನ ಗಂಡಸರು ಅನೇಕರು ಬೆಂಬಲಿಸಿದ್ದರಿಂದಲೇ ಅವರು ಗೆದ್ದರು. ಇನ್ನೊಂದು ಮಾತು. ಮತದಾನದ ಹಕ್ಕು ಕೊಟ್ಟ ಅದೇ ಕಾನೂನು ಹೆಣ್ಣು ಸಂಸತ್ತಿಗೆ ಸ್ಪರ್ಧಿಸುವುದನ್ನು ಒಪ್ಪಿರಲಿಲ್ಲ. ಶಾಸಕಿಯಾಗುವ ದಾರಿ ಮುಚ್ಚಿತ್ತು. ತೆರೆದಿದ್ದ ಬಾಗಿಲು ಊರಿನ ಪುರಸಭೆಯದೊಂದೇ. ಎಲಿಜಬೆತ್ ಯೇಟ್ಸ್ ಆ ಬಾಗಿಲಿನಿಂದ ಒಳಗೆ ಹೋದರು.

ಸುದ್ದಿ ಲೋಕಕ್ಕೆಲ್ಲ ಹಬ್ಬಿತು. ಅಮೆರಿಕದ ಕಾನ್ಸಾಸ್ ರಾಜ್ಯದ ಆರ್ಗೋನಿಯಾ ಎಂಬ ಊರಿನಲ್ಲಿ 1887ರಲ್ಲಿ ಸುಸನ್ನಾ ಸಾಲ್ಟರ್ ಎಂಬ ಮಹಿಳೆ ಮೇಯರ್ ಆಗಿದ್ದುಂಟು. ಆದರೆ ಸೂರ್ಯ ಮುಳುಗದ ಸಾಮ್ರಾಜ್ಯ ಎಂದು ಬೀಗುತ್ತಿದ್ದ ಬ್ರಿಟಿಷ್ ಆಳ್ವಿಕೆಯಲ್ಲಿ ಎಲ್ಲೂ ಹೀಗಾಗಿರಲಿಲ್ಲ. ಇಂಗ್ಲೆಂಡಿಗೇ ಮೊದಲ ಮಹಿಳಾ ಮೇಯರ್ ದೊರೆತದ್ದು 1908ರಲ್ಲಿ. ಒನೆಹುಂಗಾದ ಹೊಸ ಮೇಯರಮ್ಮನಿಗೆ ಪ್ರಧಾನಿ ಸೆಡನ್ ಅವರಿಂದಲೂ, ವಿಕ್ಟೋರಿಯಾ ಮಹಾರಾಣಿಯಿಂದಲೂ ಅಭಿನಂದನೆ ಬಂತು. ದೂರದವರು ಹೂಮಾಲೆ ಹಾಕುತ್ತಿದ್ದರೆ ಹತ್ತಿರದವರು ಕಾಲೆಳೆಯಲು ಸಿದ್ಧರಾಗುತ್ತಿದ್ದರು.

1894ರ ಜನವರಿ 16ರಂದು ಶ್ರೀಮತಿ ಯೇಟ್ಸ್ ಪ್ರಮಾಣವಚನ ಸ್ವೀಕರಿಸಿದರು. ಕೂಡಲೇ ಪುರಸಭೆಯ ನಾಲ್ವರು ಸದಸ್ಯರು ರಾಜೀನಾಮೆ ಕೊಟ್ಟರು. ಅವರ ಜೊತೆಗೆ ಪುರಸಭೆಯ ಮುಖ್ಯ ಗುಮಾಸ್ತರೂ ಕೆಲಸ ಬಿಟ್ಟು ಹೊರನಡೆದರು. ಹೆಣ್ಣೊಬ್ಬಳ ಅಧ್ಯಕ್ಷತೆಯಲ್ಲಿ ಕುಳಿತುಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. ಆಡಳಿತದ ಅನುಭವವಿದ್ದವರಿಗೆ ಇದರ ಅರ್ಥ ತಿಳಿದೀತು. ಯಾವ ಕಚೇರಿಯಲ್ಲೇ ಆಗಲಿ, ಕಡತ ಎಲ್ಲಿದೆ, ಲೆಕ್ಕ ಹೇಗಿದೆ, ಹಿಂದಿನ ನಿರ್ಣಯ ಏನಿತ್ತು ಎಂಬುದನ್ನೆಲ್ಲ ಬಲ್ಲವರು ಗುಮಾಸ್ತರೇ. ಅವರೇ ಹೋದರೆ ಹೊಸದಾಗಿ ಬಂದ ಅಧ್ಯಕ್ಷರು ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಸದಸ್ಯರಲ್ಲಿ ಕೆಲವರು ಒಗ್ಗೂಡಿ, ಮೇಯರಮ್ಮ ಮಂಡಿಸುವ ಪ್ರತಿಯೊಂದು ವಿಷಯವನ್ನೂ ವಿರೋಧಿಸತೊಡಗಿದರು. ಪುರಸಭೆಯ ಸಭೆಗಳಿಗೆ ಊರಿನ ಜನ ತಮಾಷೆ ನೋಡಲು ನೆರೆಯುತ್ತಿದ್ದರು. ಕೂಗಾಟ, ಕೇಕೆ, ಅಪಹಾಸ್ಯಗಳ ನಡುವೆ ಸಭೆ ನಡೆಸಬೇಕಾಗುತ್ತಿತ್ತು. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂಬ ಹಾಳು ಗಾದೆ ನಮ್ಮಲ್ಲಿ ಮಾತ್ರ ಇದೆಯೆಂದು ನಾವು ತಿಳಿಯಬೇಕಾಗಿಲ್ಲ. ಭಾಷೆ ಬೇರೆ, ಭಾವ ಒಂದೇ.

ಶ್ರೀಮತಿ ಯೇಟ್ಸ್ ಅವರ ಸ್ವಭಾವದಲ್ಲೂ ಕುಂದು ಇಲ್ಲದಿರಲಿಲ್ಲ. ಅವರದು ಖಡಾಖಂಡಿತ ಮಾತು. ಹೊಂದಿಕೊಂಡು, ನಯವಾಗಿ ಒಪ್ಪಿಸಿ ಕೆಲಸ ಮಾಡಿಸಿಕೊಳ್ಳುವ ಜಾಣತನ ಕಡಿಮೆ. ತಾನು ಹೇಳಿದ್ದೇ ನಡೆಯಬೇಕೆಂಬ ಹಟ. ಸಭೆಯ ಕಟ್ಟುಕಟ್ಟಳೆಗಳನ್ನು ಪಾಲಿಸುವುದರಲ್ಲೂ ಅಷ್ಟೊಂದು ಎಚ್ಚರವಿರಲಿಲ್ಲ. ಮಹಿಳೆಯರ ಏಳಿಗೆಯನ್ನು ಬಯಸುತ್ತಿದ್ದ ಕೆಲವರೂ ಅವರ ಈ ಧೋರಣೆಯಿಂದ ಬೇಸರಗೊಂಡು ದೂರ ಸರಿದರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಹಿರಿಯರ ಮಾತು ಇಲ್ಲಿ ನೆನಪಿಗೆ ಬರುತ್ತದೆ. ಜೀವನ ಚರಿತ್ರೆ ಬರೆಯುವವರು ಒಳ್ಳೆಯದನ್ನಷ್ಟೇ ಹೇಳಿ ಇದನ್ನು ಮುಚ್ಚಿಟ್ಟರೆ ಅದು ಸತ್ಯಕ್ಕೆ ಮಾಡಿದ ಅಪಚಾರವಾಗುತ್ತದೆ.

ಆದರೆ ಘಟನೆಗಳು ನಡೆದ ಕ್ರಮವನ್ನು ಓದುಗರು ದಯವಿಟ್ಟು ಗಮನಿಸಬೇಕು. ಸದಸ್ಯರು ರಾಜೀನಾಮೆ ಕೊಟ್ಟದ್ದು ಮೇಯರಮ್ಮ ಬಿರುಸಾಗಿ ಆಡಳಿತ ನಡೆಸಿದ ಮೇಲಲ್ಲ. ಅವರು ಆ ಕುರ್ಚಿಯಲ್ಲಿ ಕುಳಿತು ಕೆಲಸ ಆರಂಭಿಸುವ ಮೊದಲೇ. ಅಂದರೆ ವಿರೋಧ ಹುಟ್ಟಿದ್ದು ಅವರ ಮಾತಿನಿಂದಲ್ಲ, ಅವರು ಹೆಣ್ಣಾಗಿದ್ದುದರಿಂದ. ಮಾತು ಬಿರುಸಾಗಿತ್ತು ಎಂಬ ದೂರು ಬಂದದ್ದು ಆಮೇಲೆ. ಅರ್ಧ ಸಭೆ ಖಾಲಿಯಾಗಿ, ಉಳಿದವರು ಅಡ್ಡಗಾಲು ಹಾಕಿ, ಹೊರಗಿನವರು ಕೂಗುತ್ತಿರುವಾಗ ಎಷ್ಟು ಜನ ನಯವಾಗಿ ಮಾತನಾಡಿಯಾರು? ಗಂಡಸು ಗಟ್ಟಿಯಾಗಿ ಮಾತನಾಡಿದರೆ ಧೀಮಂತ ನಾಯಕ, ಹೆಂಗಸು ಅದೇ ದನಿಯಲ್ಲಿ ಮಾತನಾಡಿದರೆ ಗಯ್ಯಾಳಿ ಎನ್ನುವುದು ಇಂದಿಗೂ ನಮ್ಮ ಕಿವಿಗೆ ಬೀಳುವ ಮಾತೇ. ಹಾಗೆಂದು ಅವರ ತಪ್ಪು ತಪ್ಪಲ್ಲವೆಂದು ನಾನು ಹೇಳುತ್ತಿಲ್ಲ. ತಪ್ಪನ್ನು ತೂಗುವಾಗ ತಕ್ಕಡಿಯ ಎರಡೂ ತಟ್ಟೆಗಳನ್ನು ನೋಡಬೇಕು ಎಂಬುದಷ್ಟೇ ನನ್ನ ವಿನಂತಿ.

ಇನ್ನು ಅವರ ಕೆಲಸಕ್ಕೆ ಬರೋಣ. 1880ರ ದಶಕದಲ್ಲಿ ನ್ಯೂಜಿಲೆಂಡ್ ದೀರ್ಘ ಆರ್ಥಿಕ ಮುಗ್ಗಟ್ಟಿಗೆ ಸಿಕ್ಕಿ ನರಳಿತ್ತು. ಆಕ್ಲೆಂಡ್ ಸುತ್ತಲಿನ ಊರುಗಳಿಗೂ ಅದರ ಬಿಸಿ ತಟ್ಟಿತ್ತು. ಒನೆಹುಂಗಾ ಪುರಸಭೆಯ ತಲೆಯ ಮೇಲೂ ಸಾಲವಿತ್ತು. ಮೇಯರ್ ಯೇಟ್ಸ್ ಆ ಸಾಲವನ್ನು ತೀರಿಸಿದರು. ಅಷ್ಟೇ ಅಲ್ಲ, ಮುಂದೆ ಮಾಡಬಹುದಾದ ಸಾಲಗಳನ್ನು ತೀರಿಸಲು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಹಣ ಎತ್ತಿಡುವ ನಿಧಿಯೊಂದನ್ನು ಸ್ಥಾಪಿಸಿದರು. ನಮ್ಮ ಅಜ್ಜಿಯಂದಿರು ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಡುತ್ತಿದ್ದರಲ್ಲ, ಊರಿನ ಮಟ್ಟದಲ್ಲಿ ಅದೇ ಕೆಲಸ! ಮನೆ ನಡೆಸುವವಳಿಗೆ ಊರು ನಡೆಸಲು ಬಾರದು ಎಂದು ನಕ್ಕವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ಊರಿನ ಅಗ್ನಿಶಾಮಕ ದಳವನ್ನು ಅವರು ಹೊಸದಾಗಿ ಸಂಘಟಿಸಿದರು. ಮರದ ಮನೆಗಳೇ ತುಂಬಿದ, ಅಡುಗೆಗೂ ಬೆಳಕಿಗೂ ಬೆಂಕಿಯನ್ನೇ ನಂಬಿದ್ದ ಕಾಲದಲ್ಲಿ ಇದು ಎಷ್ಟು ಅಗತ್ಯದ ಕೆಲಸವೆಂದು ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆಗಳನ್ನೂ ಕಾಲುದಾರಿಗಳನ್ನೂ ಉತ್ತಮಪಡಿಸಿದರು. ನೈರ್ಮಲ್ಯದ ವ್ಯವಸ್ಥೆಯನ್ನು ಸುಧಾರಿಸಿದರು. ಮಳೆಗಾಲದಲ್ಲಿ ಕೆಸರು ತುಳಿದು ನೀರು, ದಿನಸಿ ತರುವವರು, ಕಾಯಿಲೆ ಬಿದ್ದ ಮಕ್ಕಳ ಪಕ್ಕದಲ್ಲಿ ರಾತ್ರಿ ಎಚ್ಚರವಿರುವವರು ಹೆಂಗಸರೇ ಅಲ್ಲವೇ? ಚರಂಡಿ, ಕಾಲುದಾರಿಗಳ ಬೆಲೆ ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ಕೆಲಸವನ್ನು ವಿಶೇಷವಾಗಿ ಹೇಳಬೇಕು. ನೀಲ್ಸನ್ ರಸ್ತೆಯ ಬಳಿ, ಮನುಕೌ ನೀರಿನ ಅಂಚಿನಲ್ಲಿ ವೈಕರಾಕಾ ರುದ್ರಭೂಮಿ ಇದೆ. ಅದು ಆಗ ಮುಚ್ಚಿತ್ತು. ಸತ್ತವರನ್ನು ಸ್ವಂತ ಊರಿನಲ್ಲಿ ಮಣ್ಣು ಮಾಡಲು ಅದನ್ನು ಮತ್ತೆ ತೆರೆಯಬೇಕೆಂದು ಮೇಯರಮ್ಮ ತಾವೇ ಸರ್ಕಾರದ ಮುಂದೆ ವಾದಿಸಿ ಒಪ್ಪಿಸಿದರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂಬ ಗಾದೆ ನಮ್ಮಲ್ಲಿದೆ. ಈ ಪ್ರಸಂಗಕ್ಕೆ ಅದು ಹೇಳಿ ಮಾಡಿಸಿದಂತಿದೆ.

ಏಕೆಂದರೆ ಊರು ಅವರ ಉಪಕಾರವನ್ನು ಅರಿಯಲಿಲ್ಲ. ಆ ಕಾಲದಲ್ಲಿ ಮೇಯರ್ ಚುನಾವಣೆ ಪ್ರತಿವರ್ಷವೂ ನಡೆಯುತ್ತಿತ್ತು. 1894ರ ನವೆಂಬರ್ 28ರಂದು, ದೇಶದ ಮಹಿಳೆಯರು ಮೊದಲ ಸಲ ಮತ ಹಾಕಿದ ದಿನಕ್ಕೆ ಸರಿಯಾಗಿ ಒಂದು ವರ್ಷ ತುಂಬಿದಾಗ, ಒನೆಹುಂಗಾದ ಮತದಾರರು ಶ್ರೀಮತಿ ಯೇಟ್ಸ್ ಅವರನ್ನು ಸೋಲಿಸಿದರು. ಹತ್ತು ತಿಂಗಳ ಗಲಾಟೆಯಿಂದ ಜನ ಬೇಸತ್ತಿದ್ದರು. ಗಲಾಟೆ ಎಬ್ಬಿಸಿದವರು ಯಾರೆಂದು ವಿಚಾರಿಸುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ.

ಸೋತ ಮೇಲೆ ಅವರು ಮನೆ ಸೇರಿ ಸುಮ್ಮನಾದರೇ? ಇಲ್ಲ. ಐದು ವರ್ಷಗಳ ನಂತರ, 1899ರಲ್ಲಿ, ಮತ್ತೆ ಪುರಸಭೆಗೆ ಬಂದರು. ಈ ಬಾರಿ ಮೇಯರ್ ಆಗಿ ಅಲ್ಲ, ಸದಸ್ಯೆಯಾಗಿ. 1901ರವರೆಗೆ ಆ ಸ್ಥಾನದಲ್ಲಿದ್ದರು. ಒಮ್ಮೆ ಅಧ್ಯಕ್ಷ ಪೀಠದಲ್ಲಿ ಕುಳಿತವರು, ಕೂಗಿ ಕೆಳಗಿಳಿಸಿದ ಅದೇ ಸಭೆಯಲ್ಲಿ ಸಾಮಾನ್ಯ ಸದಸ್ಯರಾಗಿ ಕುಳಿತು ಊರಿನ ಕೆಲಸ ಮಾಡಲು ದೊಡ್ಡ ಮನಸ್ಸು ಬೇಕು. ಅವರ ಬದುಕಿನ ಈ ಭಾಗವನ್ನು ಹೆಚ್ಚು ಜನ ನೆನೆಯುವುದಿಲ್ಲ. ನನಗೆ ಮಾತ್ರ 13 ಮತಗಳ ಗೆಲುವಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

1902ರಲ್ಲಿ ಕ್ಯಾಪ್ಟನ್ ಯೇಟ್ಸ್ ತೀರಿಕೊಂಡರು. ಎಲಿಜಬೆತ್ ಅವರ ಕೊನೆಯ ವರ್ಷಗಳು ನೋವಿನವು. ಮನಸ್ಸಿನ ಸ್ವಾಸ್ಥ್ಯ ಕೆಟ್ಟು 1909ರ ನವೆಂಬರಿನಲ್ಲಿ ಅವರನ್ನು ಅವೊಂಡೇಲ್‌ನಲ್ಲಿದ್ದ ಆಕ್ಲೆಂಡ್ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಸುಮಾರು ಒಂಬತ್ತು ವರ್ಷ ಅಲ್ಲಿಯೇ ಕಳೆದು 1918ರ ಸೆಪ್ಟೆಂಬರ್ 6ರಂದು ಕೊನೆಯುಸಿರೆಳೆದರು. ಮದುವೆಯಾದ ಸೇಂಟ್ ಪೀಟರ್ಸ್ ಚರ್ಚಿನ ಅಂಗಳದಲ್ಲೇ ಪತಿಯ ಪಕ್ಕದಲ್ಲಿ ಅವರ ಸಮಾಧಿಯಿದೆ. ಒಂದು ಕಾಲದಲ್ಲಿ ಮಹಾರಾಣಿಯ ಅಭಿನಂದನೆ ಪಡೆದವರು ಹೀಗೆ ಸದ್ದಿಲ್ಲದೆ ಮರೆಯಾದರು.

ಅವರು ತೀರಿಕೊಂಡ ಮರುವರ್ಷವೇ, 1919ರಲ್ಲಿ, ನ್ಯೂಜಿಲೆಂಡಿನ ಮಹಿಳೆಯರಿಗೆ ಸಂಸತ್ತಿಗೆ ಸ್ಪರ್ಧಿಸುವ ಹಕ್ಕು ದೊರೆಯಿತು. ಆದರೂ ಮೊದಲ ಶಾಸಕಿ ಗೆದ್ದು ಬರಲು ಮತ್ತೆ 14 ವರ್ಷ ಬೇಕಾಯಿತು. 1933ರಲ್ಲಿ ಲಿಟಲ್‌ಟನ್ ಕ್ಷೇತ್ರದಿಂದ ಗೆದ್ದ ಎಲಿಜಬೆತ್ ಮೆಕೂಂಬ್ಸ್ ಆ ಮೊದಲ ಶಾಸಕಿ. ಇವರ ಪತಿಯೂ ಅದೇ ಕ್ಷೇತ್ರದ ಪ್ರತಿನಿಧಿಯಾಗಿದ್ದವರು. ಆಕ್ಲೆಂಡ್ ನಗರಕ್ಕೆ ಮಹಿಳಾ ಮೇಯರ್ ಬಂದದ್ದು 1983ರಲ್ಲಿ, ಕ್ಯಾಥರಿನ್ ಟಿಜರ್ಡ್ ಅವರ ಮೂಲಕ. ಒನೆಹುಂಗಾ ದಾರಿ ತೋರಿಸಿ ಆಗಲೇ 90 ವರ್ಷ ಕಳೆದಿತ್ತು. 1989ರಲ್ಲಿ ಒನೆಹುಂಗಾ ಪುರಸಭೆಯೇ ಆಕ್ಲೆಂಡ್ ನಗರದಲ್ಲಿ ವಿಲೀನವಾಯಿತು.

ನಮ್ಮ ಕನ್ನಡನಾಡಿನ ಕಡೆಗೂ ಒಮ್ಮೆ ನೋಡೋಣ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ, ಅಲ್ಪ ಅಂತರದಿಂದ ಸೋತರು. ಸೋತರೂ ಅವರು ದೇಶಕ್ಕೆ ಮಾಡಿದ ಸೇವೆ ಕಡಿಮೆಯೇ? ಕರ್ನಾಟಕದಲ್ಲಿ 1980ರ ದಶಕದಲ್ಲಿಯೇ ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ನಾಲ್ಕನೆಯ ಒಂದು ಭಾಗ ಸ್ಥಾನ ಮೀಸಲಾಯಿತು. 1993ರಲ್ಲಿ, ಶ್ರೀಮತಿ ಯೇಟ್ಸ್ ಗೆದ್ದ ಸರಿಯಾಗಿ ನೂರು ವರ್ಷಗಳ ನಂತರ, ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದು ಭಾರತದ ಹಳ್ಳಿಹಳ್ಳಿಯಲ್ಲೂ ಮೂರನೆಯ ಒಂದು ಭಾಗ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಯಿತು. ಹೀಗೆ ಬಂದ ಅಧ್ಯಕ್ಷೆಯರಲ್ಲಿ ಕೆಲವರ ಪರವಾಗಿ ಗಂಡಂದಿರೇ ಪಂಚಾಯಿತಿಯಲ್ಲಿ ಕುಳಿತು ಆಡಳಿತ ನಡೆಸಿದ್ದನ್ನು ನಾವು ಊರಿನಲ್ಲಿ ಕಂಡಿದ್ದೇವೆ, ಕೇಳಿದ್ದೇವೆ. ಆದರೆ ನೂರಾರು ಅಧ್ಯಕ್ಷೆಯರು ತಾವೇ ಕಡತ ಓದಿ, ಅಧಿಕಾರಿಗಳನ್ನು ಪ್ರಶ್ನಿಸಿ, ಕುಡಿಯುವ ನೀರು, ಶೌಚಾಲಯ, ಶಾಲೆಗಳ ಕೆಲಸ ಮಾಡಿಸಿದ್ದನ್ನೂ ಕಂಡಿದ್ದೇವೆ. ಒನೆಹುಂಗಾದ ಮೇಯರಮ್ಮ ಈ ಎರಡನೆಯ ಸಾಲಿನವರು. ಮಾಜಿ ಮೇಯರರ ಹೆಂಡತಿ ಎಂಬ ಗುರುತು ಅವರಿಗೆ ಬಾಗಿಲವರೆಗೆ ನೆರವಾಗಿರಬಹುದು. ಒಳಗೆ ಹೋದ ಮೇಲೆ ಬಿದ್ದ ಪೆಟ್ಟುಗಳೂ ಅವರವೇ, ಮಾಡಿದ ಕೆಲಸಗಳೂ ಅವರವೇ.

ಒನೆಹುಂಗಾ ಸೇರಿರುವ ಮೌಂಗಕೀಕೀ ಕ್ಷೇತ್ರದಿಂದ 2020ರಲ್ಲಿ ಸಂಸತ್ತಿಗೆ ಗೆದ್ದವರು ಚೆನ್ನೈಯಲ್ಲಿ ಜನಿಸಿದ ಪ್ರಿಯಾಂಕಾ ರಾಧಾಕೃಷ್ಣನ್. ಅದೇ ವರ್ಷ ಅವರು ನ್ಯೂಜಿಲೆಂಡಿನ ಮೊದಲ ಭಾರತೀಯ ಮೂಲದ ಸಚಿವೆಯಾದರು. ಯಾವ ಪಕ್ಷ ಎಂಬುದು ಇಲ್ಲಿ ಮುಖ್ಯವಲ್ಲ. ಹೊರಗಿನಿಂದ ಬಂದ ಕೂಲಿಯ ಮಗಳೊಬ್ಬಳು ಮೇಯರ್ ಆದ ಊರಿನಲ್ಲಿ, ಹೊರಗಿನಿಂದ ಬಂದ ಇನ್ನೊಬ್ಬ ಹೆಣ್ಣುಮಗಳು ಶಾಸಕಿಯಾದದ್ದು ನಮ್ಮ ಮಕ್ಕಳು ತಿಳಿದಿರಬೇಕಾದ ವಿಷಯ.

ಮಕ್ಕಳೇ, ನಾಳೆ ನೀವೂ ತರಗತಿಯ ನಾಯಕರಾಗಬಹುದು, ಸಂಘದ ಅಧ್ಯಕ್ಷರಾಗಬಹುದು, ಈ ದೇಶದ ಸಂಸತ್ತಿನಲ್ಲೇ ಕುಳಿತುಕೊಳ್ಳಬಹುದು. ಆಗ ಎಲಿಜಬೆತ್ ಯೇಟ್ಸ್ ಅವರಿಂದ ಎರಡು ವಿಷಯ ಕಲಿಯಿರಿ. ಎದುರಾಳಿಗಳು ಕೂಗುತ್ತಿದ್ದರೂ ಕೈಗೆತ್ತಿಕೊಂಡ ಕೆಲಸ ಮುಗಿಸುವುದು ಒಂದು. ಆ ಕೂಗಾಟದ ನಡುವೆಯೂ ನಮ್ಮ ಮಾತನ್ನು ಹದದಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಅವರು ಮಾಡಿ ತೋರಿಸಿದರು. ಎರಡನೆಯದನ್ನು ಅವರ ಸೋಲು ನಮಗೆ ತಿಳಿಸಿಕೊಟ್ಟಿತು. ಒಂದು ವೇಳೆ ನೀವು ನಾಯಕರಾಗದೆ ಸದಸ್ಯರಾಗಿ ಕುಳಿತರೆ ಮೂರನೆಯ ಪಾಠವೂ ಇದೆ. ನಿಮಗೆ ಇಷ್ಟವಿಲ್ಲದವರು ಆರಿಸಿ ಬಂದರೆ, ಅವರು ಬಾಯಿ ತೆರೆಯುವ ಮೊದಲೇ ಎದ್ದು ಹೋಗಬೇಡಿ. ಕುಳಿತು ಕೇಳಿ, ಒಪ್ಪದಿದ್ದರೆ ವಾದಿಸಿ, ಊರಿನ ಕೆಲಸಕ್ಕೆ ಮಾತ್ರ ಅಡ್ಡ ಬರಬೇಡಿ. ಆ ನಾಲ್ವರು ಸದಸ್ಯರ ಹೆಸರು ಇಂದು ಯಾರಿಗೂ ನೆನಪಿಲ್ಲ. ಮೇಯರಮ್ಮನ ಹೆಸರು ನೂರಮೂವತ್ತು ವರ್ಷ ಕಳೆದರೂ ಉಳಿದಿದೆ. ಬಿಡುವಾದಾಗ ಅಪ್ಪ ಅಮ್ಮನ ಜೊತೆ ಸೇಂಟ್ ಪೀಟರ್ಸ್ ಚರ್ಚಿನ ಅಂಗಳಕ್ಕೆ ಒಮ್ಮೆ ಹೋಗಿ ಆ ಹಿರಿಯರಿಗೆ ಕೈ ಮುಗಿದು ಬನ್ನಿ.